ಸೈನ್, ಕಾಸ್, ಟ್ಯಾನ್ ಗ್ರಾಫ್‌ಗಳು: ಬಾಯಿಪಾಠ ಬಿಟ್ಟು ಬೇರೆ ದಾರಿ ಇದೆಯಾ?

ಫಸ್ಟ್_ಪಿಯು

ಎಲ್ಲರಿಗೂ ನಮಸ್ಕಾರ. ಈ ವರ್ಷ ಪಿಯುಸಿ ಸೈನ್ಸ್ ಸೇರಿದ್ದೇನೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಅಲ್ಲಿ ತ್ರಿಕೋನಮಿತಿ ಅಂದರೆ ಲಂಬಕೋನ ತ್ರಿಭುಜ, ಅಭಿಮುಖ ಬಾಹು, ವಿಕರ್ಣ, ಅಷ್ಟೇ. ಮಾರ್ಕ್ಸೂ ಚೆನ್ನಾಗಿಯೇ ಬಂದಿತ್ತು. ಈಗ ನೋಡಿದರೆ ಮೂರನೇ ಅಧ್ಯಾಯದಲ್ಲಿ ತ್ರಿಭುಜವೇ ಕಾಣೆ, ಬರೀ ಅಲೆ ಅಲೆ ಗ್ರಾಫ್. ಲೆಕ್ಚರರ್ ಬೋರ್ಡ್ ಮೇಲೆ ಎಳೆದು, ಬರೆದುಕೊಳ್ಳಿ ಎಂದು ಮುಂದಕ್ಕೆ ಹೋದರು.

ನನ್ನ ಅನುಮಾನಗಳು ಇವು. ಲಂಬಕೋನ ತ್ರಿಭುಜದಲ್ಲಿ 150 ಡಿಗ್ರಿ ಕೋನ ಇರುವುದೇ ಇಲ್ಲ, ಹಾಗಿದ್ದರೆ ಸೈನ್ 150 ಎಲ್ಲಿಂದ ಬಂತು? ನಾನು ಎಳೆದ ಗ್ರಾಫ್ ಅರ್ಧ ವೃತ್ತದ ಹಾಗೆ ಬರುತ್ತದೆ, ಅದು ತಪ್ಪಂತೆ, ಯಾಕೆ? ಕೆಳಗಿನ ಅಕ್ಷದಲ್ಲಿ ಡಿಗ್ರಿ ಬಿಟ್ಟು ಪೈ ಯಾಕೆ ಬರೆಯುತ್ತಾರೆ? ಇನ್ನು ಟ್ಯಾನ್ ಗ್ರಾಫ್ ಯಾಕೆ ತುಂಡು ತುಂಡಾಗಿದೆ? ದಯವಿಟ್ಟು ಯಾರಾದರೂ ಹೇಳಿ.

ಲಾಸ್ಟ್_ಬೆಂಚ್

ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಸೈನ್‌ಗೆ 0, 1, 0, ಮೈನಸ್ 1, 0. ಕಾಸ್‌ಗೆ 1, 0, ಮೈನಸ್ 1, 0, 1. ಐದು ಚುಕ್ಕೆ ಇಟ್ಟು ಸೇರಿಸಿ. ನಾನು ಸಿಇಟಿ ಬರೆದದ್ದು ಇಷ್ಟರಲ್ಲೇ.

ಸೀಮೆಸುಣ್ಣ

ಐದು ಚುಕ್ಕೆ ಸರಿ. ಆದರೆ ಅವನ್ನು ಸೇರಿಸುವುದು ಹೇಗೆ ಎಂಬುದೇ ಆ ಮಗುವಿನ ಪ್ರಶ್ನೆ ಅಲ್ವಾ? ನೇರ ಗೆರೆಯಲ್ಲಿ ಸೇರಿಸಿದರೂ ಐದೂ ಚುಕ್ಕೆ ಸಿಗುತ್ತವೆ, ಅರ್ಧ ವೃತ್ತದಲ್ಲಿ ಸೇರಿಸಿದರೂ ಸಿಗುತ್ತವೆ. ಎರಡೂ ಸೈನ್ ಅಲ್ಲ.

ನೋಡಮ್ಮ, ಹತ್ತನೇ ಕ್ಲಾಸಿನ ತ್ರಿಭುಜವನ್ನು ಎಸೆಯಬೇಡ. ಅದನ್ನು ಒಂದು ವೃತ್ತದ ಒಳಗೆ ಕೂರಿಸು. ತ್ರಿಜ್ಯ 1 ಇರಲಿ. ವಿಕರ್ಣವೇ ತ್ರಿಜ್ಯ. ವೃತ್ತದ ಬಲತುದಿಯಲ್ಲಿ ಒಂದು ಚುಕ್ಕೆ ಇಡು. ಅದು ಅಂಚಿನ ಮೇಲೆಯೇ ಅಪ್ರದಕ್ಷಿಣೆಯಾಗಿ ಹೊರಡುತ್ತದೆ. ಯಾವ ಕ್ಷಣದಲ್ಲಾದರೂ ನಿಲ್ಲಿಸಿ ಎರಡು ಅಳತೆ ತೆಗೆ. ನಡುಗೆರೆಯಿಂದ ಚುಕ್ಕೆ ಎಷ್ಟು ಮೇಲಿದೆ, ಅದು ಸೈನ್. ಕೇಂದ್ರದಿಂದ ಎಷ್ಟು ಬಲಕ್ಕಿದೆ, ಅದು ಕಾಸ್. ನಡುಗೆರೆಯ ಕೆಳಗೆ ಹೋದರೆ ಸೈನ್ ಮೈನಸ್, ಎಡಕ್ಕೆ ಹೋದರೆ ಕಾಸ್ ಮೈನಸ್. ವಿಕರ್ಣ 1 ಆದ್ದರಿಂದ ಅಭಿಮುಖ ಬಾಹುವಿನ ಉದ್ದವೇ ಸೈನ್. ನೀನು ಕಲಿತದ್ದಕ್ಕೆ ಎಲ್ಲೂ ಭಂಗವಿಲ್ಲ.

ಈಗ 150 ಡಿಗ್ರಿ. ಚುಕ್ಕೆ ತುದಿ ಮುಟ್ಟಿ ಎಡಕ್ಕೆ ಇಳಿಯುತ್ತಿದೆ. ನೆತ್ತಿ ದಾಟಿ 60 ಡಿಗ್ರಿ ಬಂದಿದೆ. ಹತ್ತುವಾಗ ನೆತ್ತಿಗೆ 60 ಡಿಗ್ರಿ ಬಾಕಿ ಇದ್ದದ್ದು ಎಲ್ಲಿ? 30ರಲ್ಲಿ. ಎರಡೂ ಕಡೆ ಎತ್ತರ ಒಂದೇ, ಅರ್ಧ. ಆದ್ದರಿಂದ ಸೈನ್ 150 ಅಂದರೂ ಅರ್ಧವೇ. ಸೂತ್ರ ಬೇಕಾಗಿಯೇ ಇಲ್ಲ.

ಪೈ ವಿಷಯ: ಗ್ರಾಫಿನ ಅಡ್ಡ ಅಕ್ಷದಲ್ಲಿ ನಾವು ಗುರುತು ಹಾಕುವುದು ಚುಕ್ಕೆ ಅಂಚಿನ ಮೇಲೆ ನಡೆದ ದೂರವನ್ನು. ಒಂದು ಸುತ್ತು ಅಂದರೆ ಪರಿಧಿ, ಅಂದರೆ 2 ಪೈ, ಅಂದರೆ ಸುಮಾರು 6.28. ಎತ್ತರವೂ ಉದ್ದವೇ, ನಡೆದ ದೂರವೂ ಉದ್ದವೇ. ಎರಡಕ್ಕೂ ಒಂದೇ ಅಳತೆಪಟ್ಟಿ. ರೇಡಿಯನ್ ಅಂದರೆ ಇಷ್ಟೇ. ಡಿಗ್ರಿಯಲ್ಲಿ ಹಾಗೆ ಮಾಡಲು ಹೋದರೆ ಅಡ್ಡಕ್ಕೆ 360, ಮೇಲಕ್ಕೆ 1. ಗ್ರಾಫ್ ನೆಲಕ್ಕೆ ಅಂಟಿಕೊಂಡ ಗೆರೆಯಾಗಿಬಿಡುತ್ತದೆ.

ಫಸ್ಟ್_ಪಿಯು

ತುಂಬಾ ಥ್ಯಾಂಕ್ಸ್ ಮೇಡಂ. 150ರದ್ದು ತಿಳಿಯಿತು. ಆದರೆ ಚುಕ್ಕೆ ವೃತ್ತದ ಮೇಲೆ ತಾನೇ ಹೋಗುತ್ತಿರುವುದು? ಹಾಗಿದ್ದ ಮೇಲೆ ಗ್ರಾಫೂ ಅರ್ಧ ವೃತ್ತವೇ ಆಗಬೇಕಲ್ಲ?

ಸೀಮೆಸುಣ್ಣ

ಒಳ್ಳೇ ಪ್ರಶ್ನೆ. ಅಳೆದು ನೋಡೋಣ. 0 ಡಿಗ್ರಿಯಲ್ಲಿ ಎತ್ತರ 0. 30ಕ್ಕೆ 0.5. 60ಕ್ಕೆ 0.87. 90ಕ್ಕೆ 1. ಮೊದಲ 30 ಡಿಗ್ರಿಯಲ್ಲಿ ಅರ್ಧ ಎತ್ತರ ಹತ್ತಿಯಾಯಿತು. ಮುಂದಿನ 30ರಲ್ಲಿ 0.37. ಕೊನೆಯ 30ರಲ್ಲಿ ಬರೀ 0.13. ಶುರುವಿನಲ್ಲಿ ಚುಕ್ಕೆ ನೇರ ಮೇಲಕ್ಕೆ ಹೋಗುತ್ತಿರುತ್ತದೆ, ನೆತ್ತಿಯ ಹತ್ತಿರ ಹೆಚ್ಚುಕಡಿಮೆ ಅಡ್ಡಕ್ಕೆ ಹೋಗುತ್ತಿರುತ್ತದೆ. ನಡೆದ ದೂರ ಅಷ್ಟೇ, ಎತ್ತರ ಮಾತ್ರ ಏರುವುದಿಲ್ಲ.

ಅರ್ಧ ವೃತ್ತ ಎಳೆದರೆ ಗೆರೆ ಅಕ್ಷದಿಂದ ನೆಟ್ಟಗೆ, ಗೋಡೆಯಂತೆ ಏಳುತ್ತದೆ. ಸೈನ್ ಹಾಗೆ ಏಳುವುದಿಲ್ಲ. ಚುಕ್ಕೆ ಒಂದಿಷ್ಟು ನಡೆದರೆ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅಂದರೆ ಗೆರೆ 45 ಡಿಗ್ರಿ ಓರೆಯಲ್ಲಿ ಹೊರಡುತ್ತದೆ. ಇನ್ನೊಂದು: ನಿನ್ನ ಅರ್ಧ ವೃತ್ತದ ಅಗಲ 2, ಎತ್ತರ 1. ಸೈನ್ ಗುಡ್ಡದ ಅಗಲ 3.14, ಎತ್ತರ 1. ಎಷ್ಟೋ ಗೈಡ್‌ಗಳಲ್ಲಿ ಜಾಗ ಉಳಿಸಲು ಅಕ್ಷವನ್ನು ಅದುಮಿ ಅಲೆಯನ್ನು ಚೂಪು ಮಾಡಿಬಿಡುತ್ತಾರೆ. ಗ್ರಾಫ್ ಹಾಳೆಯಲ್ಲಿ ಎರಡೂ ಕಡೆ ಒಂದೇ ಸ್ಕೇಲ್ ಹಾಕಿ ಒಮ್ಮೆ ಎಳೆ. ಎಷ್ಟು ಚಪ್ಪಟೆ ಇದೆ ಅನ್ನಿಸುತ್ತದೆ.

ತಗಡು_ಕೆಲಸ

ನಾನು ಓದಿದ್ದು ಐಟಿಐ, ಶೀಟ್ ಮೆಟಲ್ ಟ್ರೇಡ್. ಮೇಡಂ ಹೇಳಿದ್ದನ್ನು ನಾವು ದಿನಾ ತಗಡಿನ ಮೇಲೆ ಗೀರುತ್ತೇವೆ, ಆದರೆ ಸೈನ್ ಅಂತ ಯಾರೂ ಕರೆಯಲ್ಲ. ನಮ್ಮಲ್ಲಿ ಅದು ಡೆವಲಪ್‌ಮೆಂಟ್.

ತಂಗಿ, 100 ಎಂಎಂ ವ್ಯಾಸದ ಹೊಗೆ ಪೈಪಿಗೆ ಮೂಲೆ ತಿರುಗಿಸುವ ಎಲ್ಬೋ ಬೇಕು ಅಂದುಕೋ. ಎರಡು ತುಂಡು ಪೈಪ್, ಎರಡನ್ನೂ 45 ಡಿಗ್ರಿಗೆ ಓರೆ ಕತ್ತರಿಸಿ ಜೋಡಿಸಿದರೆ ಕಾಟಕೋನ (90 ಡಿಗ್ರಿ) ಬರುತ್ತದೆ. ಆದರೆ ಪೈಪ್ ಮಾಡಿ ಆಮೇಲೆ ಕತ್ತರಿಸುವುದಿಲ್ಲ. ಚಪ್ಪಟೆ ತಗಡಿನ ಮೇಲೇ ಕತ್ತರಿಸುವ ಗೆರೆ ಎಳೆದುಕೊಂಡು, ಕತ್ತರಿಸಿ, ಆಮೇಲೆ ಸುತ್ತುತ್ತೇವೆ.

ಸುತ್ತಳತೆ 314 ಎಂಎಂ. ಅದನ್ನು 12 ಭಾಗ ಮಾಡಿ ನೆಟ್ಟ ಗೆರೆ ಎಳೆಯಬೇಕು. ಒಂದೊಂದು ಭಾಗ 26 ಎಂಎಂ ಚಿಲ್ಲರೆ. ಈಗ ನಡುಗೆರೆಯಿಂದ ಒಂದೊಂದು ಗೆರೆಯ ಮೇಲೆ ಎಷ್ಟು ಎತ್ತರಕ್ಕೆ ಗುರುತು ಅಂದರೆ: 50, 43, 25, 0. ಆಮೇಲೆ ಕೆಳಗೆ 25, 43, 50. ಮತ್ತೆ ಅದೇ ಲೆಕ್ಕದಲ್ಲಿ ವಾಪಸ್ ಮೇಲಕ್ಕೆ. ಗುರುತುಗಳನ್ನು ಕೈಯಲ್ಲೇ ನಯವಾಗಿ ಸೇರಿಸಿದರೆ ಅಲೆ. ಜಾಯಿಂಟ್ ಮಡಿಕೆಗೆ ಬೇರೆ ಅಂಚು ಬಿಟ್ಟುಕೊಳ್ಳಬೇಕು, ಅದು ಗಣಿತದಲ್ಲಿ ಬರಲ್ಲ!

ಹೊಸ ಹುಡುಗರು ಮಾಡುವ ಎಡವಟ್ಟು ನೀನು ಹೇಳಿದ್ದೇ. ಮೇಲಿನ ತುದಿಯನ್ನು ಚೂಪು ಮಾಡುತ್ತಾರೆ, ಇಲ್ಲ ತೀರಾ ದುಂಡಗೆ ಮಾಡುತ್ತಾರೆ. ಸುತ್ತಿ ಜೋಡಿಸಿದಾಗ ಬೆಳಕು ಕಾಣುತ್ತದೆ.

ಸೀಮೆಸುಣ್ಣ

ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೂ ಹೊಳೆದಿರಲಿಲ್ಲ. ಒಂದು ಮಾತು ಸೇರಿಸುತ್ತೇನೆ. 50, 43, 25, 0 ಅಂದರೆ 50 ಗುಣಿಸು ಕಾಸ್ 0, ಕಾಸ್ 30, ಕಾಸ್ 60, ಕಾಸ್ 90. ಪೈಪಿನ ತ್ರಿಜ್ಯ 50. 45 ಡಿಗ್ರಿಗೆ ಕತ್ತರಿಸಿದ್ದರಿಂದ ಅಲೆಯ ಎತ್ತರವೂ 50. ಅಂದರೆ 50 ಎಂಎಂ ಅನ್ನು 1 ಎಂದು ಇಟ್ಟುಕೊಂಡರೆ ಆ ತಗಡಿನ ಗೆರೆಯೇ ನಮ್ಮ ಪುಸ್ತಕದ ಗ್ರಾಫ್. ಹಿಗ್ಗಿಸಿಲ್ಲ, ಅದುಮಿಲ್ಲ. ತಗಡನ್ನು ಸುತ್ತಿದಾಗ ಅಡ್ಡ ಅಕ್ಷ ಹೋಗಿ ಪೈಪಿನ ಅಂಚಾಗುತ್ತದೆ. ಅಕ್ಷದ ಮೇಲೆ ಪೈ ಯಾಕೆ ಎಂಬುದಕ್ಕೆ ಇನ್ನೇನು ಉತ್ತರ ಬೇಕು?

ಮನೆಯಲ್ಲಿ ತಗಡು ಬೇಡ. ದಪ್ಪ ಮೇಣದಬತ್ತಿಗೆ ಕಾಗದ ಬಿಗಿಯಾಗಿ ಸುತ್ತಿ, ಓರೆಯಾಗಿ ಕತ್ತರಿಸಿ, ಕಾಗದ ಬಿಚ್ಚಿದರೆ ಸಾಕು. ಚಾಕು ದೊಡ್ಡವರ ಕೈಯಲ್ಲಿರಲಿ.

ಫಸ್ಟ್_ಪಿಯು

ಅಣ್ಣಾ, 45 ಬಿಟ್ಟು ಬೇರೆ ಕೋನಕ್ಕೆ ಕತ್ತರಿಸಿದರೆ?

ತಗಡು_ಕೆಲಸ

ಕಡಿಮೆ ತಿರುವಿನ ಎಲ್ಬೋ ಆಗುತ್ತದೆ. 60 ಡಿಗ್ರಿ ತಿರುವು ಬೇಕಿದ್ದರೆ ಓರೆ 30 ಮಾತ್ರ. ಆಗ ಗುರುತು 50ರ ಬದಲು 29ಕ್ಕೆ ಬರುತ್ತದೆ. ಉದ್ದ ಮಾತ್ರ ಅದೇ 314, ಪೈಪ್ ಅದೇ ಅಲ್ವಾ. ಅಲೆ ತಗ್ಗುತ್ತದೆ, ಅಗಲ ಬದಲಾಗಲ್ಲ.

ಗ್ರಹಗತಿ

ಈ ಏರಿಕೆ ನಿಧಾನವಾಗುವ ವಿಷಯವನ್ನೇ ಆರ್ಯಭಟ ಒಂದು ಶ್ಲೋಕದಲ್ಲಿ ಕೊಟ್ಟಿದ್ದಾನೆ. ಕ್ರಿ.ಶ. 499ರ ಆರ್ಯಭಟೀಯ. ಅವನು ಸೈನ್ ಬೆಲೆಗಳನ್ನು ಕೊಡುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಎಷ್ಟು ಏರಿತು ಎಂಬ ವ್ಯತ್ಯಾಸಗಳನ್ನು ಕೊಡುತ್ತಾನೆ. 90 ಡಿಗ್ರಿಯನ್ನು 24 ಭಾಗ ಮಾಡಿದ್ದಾನೆ. ಸಂಖ್ಯೆಗಳು ಹೀಗಿವೆ: 225, 224, 222, 219, 215, 210, 205, 199, 191, 183, 174, 164, 154, 143, 131, 119, 106, 93, 79, 65, 51, 37, 22, 7.

ಓದುತ್ತಾ ಹೋದರೆ ಗ್ರಾಫೇ ಕಾಣುತ್ತದೆ. ಶುರುವಿನಲ್ಲಿ ಕಡಿದಾದ ಏರು, ಕೊನೆಯ ಮೆಟ್ಟಿಲು ಬರೀ 7. ಎಲ್ಲ ಕೂಡಿಸಿದರೆ 3438, ಅದೇ ಅವನ ತ್ರಿಜ್ಯ. ಮೊದಲ ಎಂಟನ್ನು ಮಾತ್ರ ಕೂಡಿಸಿ, ಅಂದರೆ 30 ಡಿಗ್ರಿಯವರೆಗೆ: 1719. ಸರಿಯಾಗಿ ಅರ್ಧ. ಮೇಡಂ ಹೇಳಿದ 0.5 ಇದೇ.

3438 ಯಾಕೆ? ಪೂರ್ತಿ ಸುತ್ತಿನಲ್ಲಿ 360 ಡಿಗ್ರಿ, ಡಿಗ್ರಿಗೆ 60 ಕಲೆ, ಒಟ್ಟು 21600. ಪರಿಧಿ 21600 ಆದರೆ ತ್ರಿಜ್ಯ ಎಷ್ಟು? 2 ಪೈನಿಂದ ಭಾಗಿಸಿ, 3438 ಬರುತ್ತದೆ. ಕಂಸಕ್ಕೂ (ಅಂಚಿನ ಮೇಲೆ ನಡೆದ ದೂರ) ಎತ್ತರಕ್ಕೂ ಒಂದೇ ಅಳತೆ ಇರಲಿ ಎಂದು ಹೀಗೆ ಆರಿಸಿಕೊಂಡಿದ್ದು. ಅದಕ್ಕೇ ಮೊದಲ ಭಾಗದಲ್ಲಿ ಕಂಸ 225 ಕಲೆ, ಎತ್ತರವೂ 225. ಗೆರೆ 45 ಡಿಗ್ರಿ ಓರೆಯಲ್ಲಿ ಹೊರಡುತ್ತದೆ ಎಂದರಲ್ಲ, ಅದೇ ಇದು.

ಆ 24 ವ್ಯತ್ಯಾಸಗಳನ್ನೇ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ನೋಡಿ. ಕಾಸ್‌ನ ಮೊದಲ ಕಾಲು ಭಾಗ ಸಿಗುತ್ತದೆ. ಮುಂದೆ ಸೈನ್‌ನ ಡೆರಿವೇಟಿವ್ (ಏರಿಕೆಯ ದರ) ಕಾಸ್ ಎಂದು ಬರೆಯುವಾಗ ನೆನಪಾದರೆ ಸಾಕು.

ಲಾಸ್ಟ್_ಬೆಂಚ್

ಇಷ್ಟೆಲ್ಲ ಪೇಪರ್‌ನಲ್ಲಿ ಕೇಳಲ್ಲ ಬಿಡಿ. ನನಗೆ ಅರ್ಥವಾದದ್ದು ಜೈಂಟ್ ವೀಲ್‌ನಿಂದ. ದಸರಾ ಎಕ್ಸಿಬಿಷನ್‌ನಲ್ಲಿ ಕೂತರೆ ನಾವು ಇರುವ ಎತ್ತರವೇ ಸೈನ್. ಮುಗೀತು.

ಸೀಮೆಸುಣ್ಣ

ಆದರೆ ಜೈಂಟ್ ವೀಲ್‌ಗೆ ಹತ್ತುವುದು ಕೆಳಗಿನಿಂದ. ನಮ್ಮ ಚುಕ್ಕೆ ಹೊರಡುವುದು ಪಕ್ಕದಿಂದ, ನಡುಮಟ್ಟದಿಂದ. ಕೆಳಗಿನಿಂದ ಶುರು ಮಾಡಿದರೆ ನಡುಮಟ್ಟಕ್ಕಿಂತ ಎಷ್ಟು ಮೇಲೆ ಎಂಬ ಗ್ರಾಫ್ ಮೈನಸ್ 1ರಿಂದ ಹೊರಡುತ್ತದೆ. ಅದು ಮೈನಸ್ ಕಾಸ್. ಆಕಾರ ಅದೇ, ಶುರುವಿನ ಜಾಗ ಬೇರೆ. ಕಾಸ್ ಅಂದರೆ ನೆತ್ತಿಯಿಂದ ಶುರುವಾದ ಸೈನ್, ಅಷ್ಟೇ. ಅದಕ್ಕೆ ಬೇರೆ ಗ್ರಾಫ್ ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಕೋಡ್_ಕಾಫಿ

ಟ್ಯಾನ್ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ.

ಅದೇ ವೃತ್ತ. ಬಲತುದಿಗೆ ತಾಗಿಕೊಂಡು ಒಂದು ನೆಟ್ಟನೆಯ ಗೋಡೆ ಇದೆ ಎಂದುಕೊಳ್ಳಿ. ಕೇಂದ್ರದಿಂದ ಚುಕ್ಕೆಯ ಮೂಲಕ ಗೆರೆ ಎಳೆದು ಗೋಡೆಗೆ ಮುಟ್ಟಿಸಿ. ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ತಾಗಿತೋ ಅದು ಟ್ಯಾನ್. 45 ಡಿಗ್ರಿಗೆ 1. 89 ಡಿಗ್ರಿಗೆ 57.29. 89.9ಕ್ಕೆ 573ರ ಹತ್ತಿರ. 90ಕ್ಕೆ ಗೆರೆ ಗೋಡೆಗೆ ಸಮಾಂತರ, ತಾಗುವುದೇ ಇಲ್ಲ. ಬೆಲೆಯೇ ಇಲ್ಲದ ಕಡೆ ಗ್ರಾಫ್ ಹೇಗಿರುತ್ತದೆ? ಅದಕ್ಕೇ ತುಂಡು.

90 ದಾಟಿದ ಮೇಲೆ ಗೆರೆ ಎಡಕ್ಕೆ ವಾಲುತ್ತದೆ. ಅದನ್ನು ಹಿಂದಕ್ಕೆ ಬೆಳೆಸಿದರೆ ಗೋಡೆಯ ಕೆಳಭಾಗಕ್ಕೆ, ತುಂಬಾ ಕೆಳಗೆ ತಾಗುತ್ತದೆ. 91ಕ್ಕೆ ಮೈನಸ್ 57.29. ಅಲ್ಲಿಂದ ಮತ್ತೆ ಹತ್ತಿ ಬರುತ್ತದೆ. 180ಕ್ಕೆ ಗೆರೆ ಮೊದಲಿದ್ದ ಗೆರೆಯೇ. ಆದ್ದರಿಂದ ಟ್ಯಾನ್‌ಗೆ ಅರ್ಧ ಸುತ್ತಿಗೇ ಆವರ್ತ ಮುಗಿಯುತ್ತದೆ. ಸೈನ್‌ಗೆ 2 ಪೈ, ಇದಕ್ಕೆ ಪೈ ಮಾತ್ರ.

ಒಂದು ಎಚ್ಚರಿಕೆ. ಎಷ್ಟೋ ಪ್ರೋಗ್ರಾಂಗಳು ಟ್ಯಾನ್ ಗ್ರಾಫ್‌ನಲ್ಲಿ 90ರ ಹತ್ತಿರ ಮೇಲಿನಿಂದ ಕೆಳಗೆ ಒಂದು ನೆಟ್ಟ ಗೆರೆ ತೋರಿಸುತ್ತವೆ. ಅದು ಗ್ರಾಫ್ ಅಲ್ಲ. ಪಕ್ಕಪಕ್ಕದ ಎರಡು ಚುಕ್ಕೆಯನ್ನು ಕಂಪ್ಯೂಟರ್ ಕಣ್ಣುಮುಚ್ಚಿ ಸೇರಿಸಿದ್ದು. ಪರೀಕ್ಷೆಯಲ್ಲಿ ಹಾಗೆ ಎಳೆದರೆ ಅಂಕ ಹೋಗುತ್ತದೆ. ಇನ್ನೂ ತಮಾಷೆ ಅಂದರೆ, ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್‌ನಲ್ಲಿ ಪೈಯ ಅರ್ಧಕ್ಕೆ ಟ್ಯಾನ್ ಕೇಳಿದರೆ ಎರರ್ ಬರುವುದಿಲ್ಲ. 10ರ 16ನೇ ಘಾತಕ್ಕಿಂತ ದೊಡ್ಡದೊಂದು ಸಂಖ್ಯೆ ಕೊಡುತ್ತದೆ. ಅದರೊಳಗಿರುವ ಪೈ ನಿಜವಾದ ಪೈ ಅಲ್ಲ, ದಶಮಾಂಶ ಒಂದು ಕಡೆ ಕತ್ತರಿಸಿ ಹೋಗಿದೆ. ಹಾಗಾಗಿ ಸರಿಯಾಗಿ 90ಕ್ಕೆ ಹೋಗಿ ನಿಲ್ಲಲು ಅದಕ್ಕೆ ಆಗುವುದೇ ಇಲ್ಲ.

ಕ್ಯಾಲ್ಕ್ಯುಲೇಟರ್ ರೇಡಿಯನ್‌ನಲ್ಲಿದೆಯೋ ಡಿಗ್ರಿಯಲ್ಲಿದೆಯೋ ನೋಡಿಕೊಳ್ಳಿ. ಸೈನ್ 30 ಒತ್ತಿ ಮೈನಸ್ 0.988 ಬಂದರೆ ಅದು 30 ರೇಡಿಯನ್ ಎಂದು ತಿಳಿದುಕೊಂಡಿದೆ.

ಫಸ್ಟ್_ಪಿಯು

ಗೋಡೆ ಉದಾಹರಣೆ ಸೂಪರ್ ಸರ್. ಇನ್ನೊಂದೇ ಒಂದು. ಸೈನ್ ಆವರಣದೊಳಗೆ ಎಕ್ಸ್ ಮೈನಸ್ 90 ಇದ್ದರೆ ಗ್ರಾಫ್ ಬಲಕ್ಕೆ ಹೋಗುತ್ತದಂತೆ. ಮೈನಸ್ ಅಂದರೆ ಎಡ ಅಲ್ವಾ? ಮತ್ತೆ 2 ಸೈನ್ ಎಕ್ಸ್, ಸೈನ್ 2 ಎಕ್ಸ್ ಎರಡೂ ಯಾವಾಗಲೂ ಕಲಸಿಹೋಗುತ್ತದೆ.

ಲೈನ್_ವೋಲ್ಟೇಜ್

ಕರೆಂಟ್ ಲೆಕ್ಕದಲ್ಲಿ ಹೇಳಲಾ? ನಿಮ್ಮ ಊರಲ್ಲಿ ಪಂಪ್‌ಸೆಟ್ ಇದ್ದರೆ "ತ್ರೀ ಫೇಸ್ ಬಂತಾ?" ಎಂದು ಕೇಳುವುದು ಗೊತ್ತೇ ಇರುತ್ತದೆ. ಆ ಮೂರು ಫೇಸ್ ಅಂದರೆ ಮೂರು ಸೈನ್ ಅಲೆ. ಮೊದಲನೆಯದು ಸೈನ್ ಎಕ್ಸ್. ಎರಡನೆಯದು ಎಕ್ಸ್ ಮೈನಸ್ 120ರ ಸೈನ್. ಮೂರನೆಯದು ಎಕ್ಸ್ ಮೈನಸ್ 240ರ ಸೈನ್.

ಎರಡನೆಯದರ ಅಲೆ ಸೊನ್ನೆಯಿಂದ ಏರಲು ಶುರುವಾಗುವುದು ಆವರಣದೊಳಗಿನದ್ದು ಸೊನ್ನೆ ಆದಾಗ. ಯಾವಾಗ ಆಗುತ್ತದೆ? ಎಕ್ಸ್ 120 ಮುಟ್ಟಿದಾಗ. ಅಂದರೆ ತಡ. ಗ್ರಾಫ್‌ನಲ್ಲಿ ತಡ ಅಂದರೆ ಬಲಕ್ಕೆ. ಮೈನಸ್ ಅಂದರೆ ಲೇಟು, ಪ್ಲಸ್ ಅಂದರೆ ಮುಂಚೆ. ಕಾಸ್ ಎಕ್ಸ್ ಅಂದರೆ ಸೈನ್‌ಗಿಂತ 90 ಡಿಗ್ರಿ ಮುಂಚೆ ಬಂದ ಅಲೆ, ಆದ್ದರಿಂದ ಅದು ಎಕ್ಸ್ ಪ್ಲಸ್ 90ರ ಸೈನ್.

ಮೂರನ್ನೂ ಒಂದೇ ಹಾಳೆಯಲ್ಲಿ ಎಳೆದು ಯಾವ ಜಾಗದಲ್ಲಾದರೂ ಕೂಡಿಸಿ. ಎಕ್ಸ್ 90 ಇದ್ದಾಗ ಒಂದು 1, ಉಳಿದೆರಡು ಮೈನಸ್ ಅರ್ಧ, ಮೈನಸ್ ಅರ್ಧ. ಮೊತ್ತ ಸೊನ್ನೆ. ಎಲ್ಲಿ ನೋಡಿದರೂ ಸೊನ್ನೆಯೇ. ಮೂರೂ ಫೇಸ್ ಮೇಲೆ ಲೋಡ್ ಸಮವಾಗಿದ್ದರೆ ನ್ಯೂಟ್ರಲ್ ತಂತಿಯಲ್ಲಿ ಕರೆಂಟ್ ಹರಿಯದಿರುವುದು ಇದಕ್ಕೇ.

ಮನೆಯ ಸಪ್ಲೈ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಅಲೆ. ಒಂದು ಅಲೆಗೆ 20 ಮಿಲಿಸೆಕೆಂಡ್. ಹೊರಗಿನ 2 ಎತ್ತರವನ್ನು ದುಪ್ಪಟ್ಟು ಮಾಡುತ್ತದೆ, ಅಂದರೆ ವೋಲ್ಟೇಜ್ ದುಪ್ಪಟ್ಟು. ಒಳಗಿನ 2 ಓಟವನ್ನು ದುಪ್ಪಟ್ಟು ಮಾಡುತ್ತದೆ, ಅಂದರೆ 100 ಹರ್ಟ್ಜ್. ಅದೇ ಜಾಗದಲ್ಲಿ ಎರಡು ಅಲೆ ಹಿಡಿಸಬೇಕು, ಅದಕ್ಕೇ ಕುಗ್ಗುತ್ತದೆ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. 230 ವೋಲ್ಟ್ ಅಂದರೆ ಅಲೆಯ ತುದಿ ಅಲ್ಲ. ತುದಿ ಸುಮಾರು 325. ಹೀಟರ್‌ಗೆ ಸಿಗುವ ಬಿಸಿ ವೋಲ್ಟೇಜ್‌ನ ವರ್ಗವನ್ನು ಹಿಡಿದು ಹೋಗುತ್ತದೆ. ಸೈನ್ ವರ್ಗದ ಗ್ರಾಫ್ ಎಳೆದು ನೋಡಿ. ಮೈನಸ್ ಗುಂಡಿಗಳು ಮೇಲೆದ್ದು 0ಗೂ 1ಕ್ಕೂ ನಡುವೆ ಅಲೆ, ಸರಾಸರಿ ಸರಿಯಾಗಿ ಅರ್ಧ. ಅರ್ಧದ ವರ್ಗಮೂಲ 0.707. 325ಕ್ಕೆ ಗುಣಿಸಿದರೆ 230.

ಸೀಮೆಸುಣ್ಣ

ಸೈನ್ ವರ್ಗ ಎಳೆಯುವಾಗ ಒಂದನ್ನು ಗಮನಿಸು. ಅದು ಅಕ್ಷವನ್ನು ಮುಟ್ಟುವ ಕಡೆ ಚೂಪು ಮೂಲೆ ಇರುವುದಿಲ್ಲ, ನಯವಾಗಿ ಮುಟ್ಟಿ ಏಳುತ್ತದೆ. ಮೂಲೆ ಬರುವುದು ಸೈನ್‌ನ ಮಾಡ್ಯುಲಸ್ (ಮೈನಸ್ ಚಿಹ್ನೆ ತೆಗೆದ ಬೆಲೆ) ಎಳೆದಾಗ. ಎರಡನ್ನೂ ಒಂದೇ ಥರ ಎಳೆದುಬಿಡುವವರು ಜಾಸ್ತಿ. ಸೆಕ್ (1 ಭಾಗ ಕಾಸ್), ಕೊಸೆಕ್‌ಗೆ (1 ಭಾಗ ಸೈನ್) ಹೆದರಬೇಡ. ಸೈನ್ ಎಳೆದು, 1 ಇದ್ದಲ್ಲಿ 1 ಬಿಟ್ಟು, 0 ಇದ್ದಲ್ಲಿ ತುಂಡು ಮಾಡಿ, ಅರ್ಧ ಇದ್ದಲ್ಲಿ 2 ಇಡು. ಕೊಸೆಕ್ ಬಂತು.

ಲಾಸ್ಟ್_ಬೆಂಚ್

ಸರಿ, ನೀವೆಲ್ಲ ಗೆದ್ದಿರಿ. ಈಗ ಎಂಟ್ರೆನ್ಸ್‌ಗೆ ಬರುವಂಥ ಪ್ರಶ್ನೆ ಕೇಳುತ್ತೇನೆ. ಸೈನ್ ಎಕ್ಸ್ = ಎಕ್ಸ್ ಭಾಗ 10. ಎಷ್ಟು ಪರಿಹಾರ? ಸೂತ್ರ ಹಾಕಿ ಬಿಡಿಸಲು ಹೋದರೆ ಸಂಜೆಯಾಗುತ್ತದೆ.

ಫಸ್ಟ್_ಪಿಯು

ಅಲೆ ಎಳೆದು, ಸೊನ್ನೆಯಿಂದ 10ರಲ್ಲಿ 1 ಮುಟ್ಟುವಂತೆ ಒಂದು ನೇರ ಗೆರೆ ಎಳೆದೆ. 10 ದಾಟಿದರೆ ಗೆರೆ 1ಕ್ಕಿಂತ ಮೇಲೆ, ಅಲೆ ಸಿಗಲ್ಲ. ಮೊದಲ ಗುಡ್ಡದಲ್ಲಿ ಒಂದು ಕಡೆ ಕತ್ತರಿಸುತ್ತದೆ. ಎರಡನೇ ಗುಡ್ಡ 6.28ರಿಂದ 9.42. ಅದರ ನೆತ್ತಿ 7.85ರಲ್ಲಿ, ಅಲ್ಲಿ ಗೆರೆ 0.785 ಮಾತ್ರ. ಹಾಗಾಗಿ ಹತ್ತುವಾಗ ಒಂದು, ಇಳಿಯುವಾಗ ಒಂದು. ಬಲಕ್ಕೆ 3, ಎಡಕ್ಕೂ 3, ಸೊನ್ನೆಯಲ್ಲಿ 1. ಒಟ್ಟು 7?

ಲಾಸ್ಟ್_ಬೆಂಚ್

7. ಭೇಷ್! ಸ್ಕೇಲ್ ಸರಿಯಾಗಿ ಹಾಕದಿದ್ದರೆ ಎರಡನೇ ಗುಡ್ಡ ಕೈತಪ್ಪುತ್ತದೆ, ಆಯ್ಕೆಗಳಲ್ಲಿ 3 ಕೂಡ ಇಟ್ಟಿರುತ್ತಾರೆ.

ಫಸ್ಟ್_ಪಿಯು

ಮೇಡಂ, ಟ್ಯಾನ್ ಎಕ್ಸ್ = ಎಕ್ಸ್ ಅಂತ ಕೊಟ್ಟರೆ?

ಸೀಮೆಸುಣ್ಣ

ಎಳೆದು ನೋಡು, ಲೆಕ್ಕ ಮುಗಿಯುವುದಿಲ್ಲ. ಟ್ಯಾನ್‌ನ ಪ್ರತಿ ತುಂಡೂ ಕೆಳಗಿನಿಂದ ಮೇಲಿನವರೆಗೆ ಪೂರ್ತಿ ಹೋಗುತ್ತದೆ, ಆದ್ದರಿಂದ ಗೆರೆ ಪ್ರತಿ ತುಂಡನ್ನೂ ಒಮ್ಮೆ ಕತ್ತರಿಸಲೇಬೇಕು. ನಡುವಿನ ತುಂಡಿನಲ್ಲಿ ಸೊನ್ನೆಯಲ್ಲಿ ಮಾತ್ರ, ಏಕೆಂದರೆ ಅಲ್ಲಿ ಟ್ಯಾನ್ ಗೆರೆಯ ಓರೆಯಲ್ಲೇ ಹೊರಟು ತಕ್ಷಣ ಮೇಲಕ್ಕೆ ಬಾಗುತ್ತದೆ. ಬಲಕ್ಕೆ ಮುಂದಿನದು 4.493ರಲ್ಲಿ, ತುಂಡು ಮುಗಿಯುವುದು 4.712ಕ್ಕೆ. ಅದರ ನಂತರದ್ದು 7.725ರಲ್ಲಿ, ತುಂಡು ಮುಗಿಯುವುದು 7.854ಕ್ಕೆ. ಹೋಗುತ್ತಾ ಹೋಗುತ್ತಾ ತುಂಡಿನ ಅಂಚಿಗೆ ಹತ್ತಿರವಾಗುತ್ತದೆ. ಯಾಕೆ ಎಂದು ಗ್ರಾಫ್ ನೋಡಿ ನೀನೇ ಬರೆ.